ಬಿಳಿ ದಾರದ ಚೀಲಗಳು

ನಮ್ಮ ಅತ್ತೆಯ ಕೈಗಳಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಬಸ್ಸಿನಲ್ಲಿ ಕೂತರೂ ಬೆರಳುಗಳು ಮಡಿಲ ಮೇಲೆ ಇಲ್ಲದ ಬೀಜವನ್ನು ಉರುಳಿಸಿ ನೋಡುತ್ತಿರುತ್ತವೆ. ಅಕ್ಕಿ ಬೇಳೆಯ ಮಾತು ಬಿಡಿ, ಒಮ್ಮೆ ನನ್ನ ಗಂಡನ ಮೊಳೆಯ ಡಬ್ಬವನ್ನೇ ಸುರಿದುಕೊಂಡು ತುಕ್ಕು ಹಿಡಿದದ್ದು ಬೇರೆ, ಹಿಡಿಯದ್ದು ಬೇರೆ ಮಾಡಿಟ್ಟಿದ್ದರು. "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದು ಅವನು ನಕ್ಕರೆ, "ಹುಟ್ಟಿದಾಗ ಎಲ್ಲಿತ್ತೋ ಈ ಗುಣ, ಶೆಡ್ಡಲ್ಲಿ ಹತ್ತಿದ್ದು" ಎಂದರು ಅತ್ತೆ.

ಬೆಳೆಗಾರರ ಸಂಘದ ಕಡಲೆಬೀಜದ ಶೆಡ್ಡಿನಲ್ಲಿ ಅವರದು ಮೂವತ್ತೊಂದನೆಯ ವರ್ಷ. ತಗಡಿನ ಸೂರಿನ ಕೆಳಗೆ ಒಂದು ಉದ್ದನೆಯ ಮೇಜು, ಎರಡೂ ಬದಿಗೆ ಹದಿನೆಂಟು ಹದಿನೆಂಟು ಹೆಂಗಸರು. ಮೂಟೆ ಸುರಿಯುತ್ತಾರೆ, ಇವರು ಆರಿಸುತ್ತಾರೆ. ಮುರುಟಿದ್ದು, ಕಪ್ಪಾದದ್ದು, ಹಳದಿ ಬೆರೆತ ಹಸಿರು ಬೂಷ್ಟು ಹಿಡಿದದ್ದು ಒಂದು ಕಡೆ. ಒಳ್ಳೆಯದು ಇನ್ನೊಂದು ಕಡೆ. ಅಲ್ಲೊಂದು ಹಳೆಯ ಕಟ್ಟಳೆ ಇದೆ. ಯಾವ ಮೂಟೆಯ ಕೆಟ್ಟ ಬೀಜವೋ ಅದನ್ನು ಆರಿಸಿದವಳೇ ಬೇರೆ ಗಂಟು ಕಟ್ಟಿ, ಮೂಟೆಯ ಬಾಯಿಗೆ ಕಟ್ಟಿದ ಬಣ್ಣದ ದಾರವನ್ನೇ ಗಂಟಿಗೂ ಸುತ್ತಬೇಕು. ಗಂಟು ತೂಗಿ, ಎಷ್ಟು ಹೋಯಿತೆಂದು ಮೂಟೆಯ ಚೀಟಿಯಲ್ಲಿ ಬರೆದ ಮೇಲೆಯೇ ಮೂಟೆಗೆ ಸೀಲು.

ಸೀಲು ಬಿದ್ದ ಮೂಟೆ ಲಾರಿ ಹತ್ತುತ್ತದೆ. ಗಂಟು? ಗಂಟು ಶನಿವಾರ ಆರಿಸುವವರ ಮನೆಗೆ ಹೋಗುತ್ತದೆ, ಬಿಟ್ಟಿಯಾಗಿ. ಸಂಘದ ಕಡತದಲ್ಲಿ ಇದರ ಹೆಸರು 'ಸೌಲಭ್ಯ'. ಲೋಕದ ಬಾಯಿಗೆ ಒಳ್ಳೆಯದನ್ನು ಆರಿಸಿ ಕಳಿಸುವ ಕೈಗೆ ಬೂಷ್ಟಿನ ಪಾಲು. ಮೇಲೆ ಅದಕ್ಕೊಂದು ಚಂದದ ಹೆಸರು.

ನಾನು ಸೊಸೆಯಾಗಿ ಬಂದ ವರ್ಷವೇ ಅದೇ ಸಂಘದ ಲ್ಯಾಬಿಗೂ ಟೆಕ್ನಿಷಿಯನ್ ಆಗಿ ಬಂದೆ. ಲ್ಯಾಬೆಂದರೆ ಹಿಂದೆ ಕಾವಲುಗಾರನಿದ್ದ ಕೋಣೆ. ಒಂದು ಸಿಂಕು, ಒಂದು ಮಿಕ್ಸಿ, ಒಂದು ಗಾಜಿನ ಬಾಗಿಲ ಬೀರು. ಮೊದಲ ಶನಿವಾರ ಅತ್ತೆ ಗಂಟು ತಂದಾಗ ಹೇಳಿದೆ: ಈ ಬೂಷ್ಟು ಕಕ್ಕುವ ವಿಷ ಲಿವರಿಗೆ ಹತ್ತುತ್ತದೆ, ಹುರಿದರೂ ಬೇಯಿಸಿದರೂ ಪೂರ್ತಿ ಸಾಯುವುದಿಲ್ಲ.

"ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬೇಡ" ಎಂದರು.

"ಎತ್ತು ಒದ್ದರೆ?"

ಅತ್ತೆ ಗಂಟನ್ನು ಎತ್ತಿ ಹೊರಗಿಟ್ಟರು. ಅವರ ಪಕ್ಕದಲ್ಲಿ ಹದಿನಾರು ವರ್ಷ ಕೂತು ಆರಿಸಿದ ಗೆಳತಿ ಒಬ್ಬರಿದ್ದರು. ಕೆಲಸದ ನಡುವೆ ಹಾಡುತ್ತಿದ್ದರಿಂದ ಎಲ್ಲರಿಗೂ ಹಾಡಕ್ಕ. ಮನೆಯಲ್ಲಿ ಐದು ಮಕ್ಕಳು, ಹಾಗಾಗಿ ಎಲ್ಲರಿಗಿಂತ ದೊಡ್ಡ ಗಂಟು ಅವರದೇ. ನಲವತ್ತಾರಕ್ಕೇ ಲಿವರು ಬಾತು ತೀರಿಕೊಂಡಿದ್ದರು. ಯಾಕೆಂದು ಡಾಕ್ಟರು ಬರೆಯಲಿಲ್ಲ. ಬರೆಯಿರಿ ಎಂದು ಕೇಳುವವರೂ ಇರಲಿಲ್ಲ. ನಾನು ಹೇಳಿದ ಆ ಶನಿವಾರದಿಂದ ಅತ್ತೆ ನಮ್ಮ ಮನೆಗೆ ಗಂಟು ತರುವುದನ್ನು ನಿಲ್ಲಿಸಿದರು. ಉಳಿದ ಮೂವತ್ತೈದು ಮನೆಗಳಿಗೆ ಅದು ಹೋಗುತ್ತಲೇ ಇತ್ತು.

ಮದ್ದು ಸಿಕ್ಕಿದ್ದೂ ಅತ್ತೆಯಿಂದಲೇ. ಒಂದು ಮಳೆಗಾಲ ಪಕ್ಕದ ಮನೆಯ ಡಬ್ಬದ ಬೀಜವೆಲ್ಲ ಹಸಿರಾಯಿತು, ನಮ್ಮ ಡಬ್ಬದ್ದು ಆಗಲಿಲ್ಲ. ಬಗ್ಗಿ ನೋಡಿದರೆ ತಳದಲ್ಲಿ ಒಣಗಿದ ಎಲೆ.

"ಏನತ್ತೆ ಇದು?"

"ಆಡುಸೋಗೆ. ನಿನ್ನ ಗಂಡನಿಗೆ ಕೆಮ್ಮು ಬಂದಾಗ ಕಷಾಯ ಮಾಡ್ತೀನಲ್ಲ, ಅದೇ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದನ್ನ ಮಾತ್ರ ಆಡೂ ಮೂಸಿ ಬಿಡುತ್ತೆ. ಆಡಿಗೇ ಬೇಡದ್ದು ಬೂಷ್ಟಿಗೆ ಬೇಕಾ?"

ಸಂಘದ ಕಾಂಪೌಂಡಿನ ಉದ್ದಕ್ಕೂ ಅದೇ ಗಿಡದ ಬೇಲಿ. ಎಲೆ ಕಿತ್ತು, ಒಣಗಿಸಿ, ಪುಡಿ ಮಾಡಿ, ಸಾರ ಇಳಿಸಿ ಎರಡು ವರ್ಷ ಸಣ್ಣ ಸಣ್ಣ ತಟ್ಟೆಗಳಲ್ಲಿ ನೋಡಿದೆ. ಸಾರ ಬಿದ್ದಲ್ಲಿ ಬೂಷ್ಟು ಕಾಲೂರಲಿಲ್ಲ. ಗೋದಾಮು ಸೇರುವ ಮೊದಲೇ ಹೊಸ ಬೀಜವನ್ನು ಈ ಸಾರದಲ್ಲಿ ಅದ್ದಿ ಒಣಗಿಸಿದರೆ ಗಂಟೇ ಸಣ್ಣದಾಗುತ್ತದೆ ಎಂದು ಸಂಘಕ್ಕೆ ಬರೆದು ಕೊಟ್ಟೆ.

ಗೋದಾಮಿನ ಮ್ಯಾನೇಜರು ಓದಿ ನಕ್ಕರು. ಯಾವ ಮೂಟೆಯ ಪಕ್ಕ ನಿಂತರೂ ಒಂದು ಬೀಜ ಬಾಯಿಗೆ ಹಾಕಿಕೊಂಡು ಕಟಕಟ ಅಗಿಯುವ ಅಭ್ಯಾಸ ಅವರದು. ಶೆಡ್ಡಿನ ಹೆಂಗಸರು ಅವರಿಗಿಟ್ಟ ಹೆಸರು ಅಳಿಲಪ್ಪ. "ಹಿತ್ತಲ ಗಿಡಾನ ಗೋದಾಮಿಗೆ ಸುರಿಯೋಣ ಅಂತೀಯಲ್ಲಮ್ಮ. ಮೂವತ್ತಾರು ಜನ ಆರಿಸೋರಿದ್ದಾರೆ. ಕೆಟ್ಟದ್ದನ್ನ ಆರಿಸಿ ತೆಗೆದ್ರೆ ಮುಗೀತು. ನಿನ್ನ ಕಷಾಯ ಯಾಕೆ?"

ಸಂಘದ ಅಧ್ಯಕ್ಷೆ ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು, ಸ್ವತಃ ಬೆಳೆಗಾರ್ತಿ. ಅವರೆಂದರು: "ಹೊಸ ಬೆಳೆ ಬರೋಕೆ ಹದಿನೈದು ದಿನ ಇದೆ. ತೋರಿಸು. ಕಣ್ಣಿಗೆ ಕಂಡರೆ ಮೊದಲನೇ ಗೋದಾಮಿನ ಬೀಜಕ್ಕೆಲ್ಲ ಕಷಾಯ. ಕಾಣದಿದ್ರೆ ಈ ಮಾತು ಇಲ್ಲಿಗೇ ಬಿಡು."

ಹನ್ನೆರಡು ಬಟ್ಟೆ ಚೀಲಗಳಲ್ಲಿ ಬೀಜ ತೂಗಿ ತುಂಬಿದೆ. ಆರರ ಬೀಜವನ್ನು ಸಾರದಲ್ಲಿ ಅದ್ದಿ ಒಣಗಿಸಿ ಕೆಂಪು ದಾರ ಕಟ್ಟಿದೆ. ಇನ್ನಾರನ್ನು ಬರೀ ನೀರಿನಲ್ಲಿ ಅದ್ದಿ ಬಿಳಿ ದಾರ. ಹನ್ನೆರಡಕ್ಕೂ ಬೂಷ್ಟಿನ ಪುಡಿ ಸೋಕಿಸಿ, ಒದ್ದೆ ಮರಳಿನ ತಟ್ಟೆಗಳೊಡನೆ ಬೀರುವಿನಲ್ಲಿಟ್ಟೆ. ಸೆಕೆ, ತೇವ, ಗಾಳಿಯಾಡದ ಜಾಗ: ಬೂಷ್ಟಿಗೆ ಇನ್ನೇನು ಬೇಕು. ಹತ್ತನೆಯ ದಿನಕ್ಕೆ ಬಿಳಿ ದಾರದವು ಹಸಿರಾಗಿರಬೇಕು, ಕೆಂಪು ದಾರದವು ಹಾಗೇ ಇರಬೇಕು. ಅಧ್ಯಕ್ಷೆಯ ಮುಂದೆ ಎರಡನ್ನೂ ಸುರಿದರೆ ಸಾಕು, ಬಾಯಿ ತೆರೆಯುವ ಅಗತ್ಯವೇ ಇಲ್ಲ.

ಐದನೆಯ ದಿನ ನನಗೆ ಜ್ವರ ಹತ್ತಿತು, ಏಳಲಾಗದಂಥ ಜ್ವರ. ಬೀಗದ ಕೈ ಅತ್ತೆಯ ಕೈಲಿಟ್ಟೆ. "ಬೆಳಿಗ್ಗೆ ಒಂದ್ಸಲ, ಊಟದ ಹೊತ್ತಲ್ಲಿ ಒಂದ್ಸಲ ಮರಳಿಗೆ ನೀರು ಚಿಮುಕಿಸಿ. ಅಷ್ಟೇ ಅತ್ತೆ."

"ಅಷ್ಟೇನಾ? ಅದಕ್ಯಾಕೆ ಮುಖ ಹೀಗ್ ಮಾಡ್ಕೊಂಡಿದ್ದೀಯ. ಮಲಕ್ಕೋ."

ಐದು ದಿನ ಅವರು ಶೆಡ್ಡು, ಲ್ಯಾಬು, ನನ್ನ ಗಂಜಿ, ನಮ್ಮ ಪುಟ್ಟ ಮಗಳು ಗುಬ್ಬಿಯ ಜಡೆ ಎಲ್ಲವನ್ನೂ ನೋಡಿಕೊಂಡರು. ನನ್ನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಅವರ ಬೆರಳ ತುದಿ ಮರಳುಕಾಗದದಂತೆ ತರಿತರಿ ಅನ್ನುತ್ತಿತ್ತು. ಅಷ್ಟು ಹಿತವಾದ ಮರಳುಕಾಗದವನ್ನು ನಾನು ಕಂಡಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಎದ್ದು ಲ್ಯಾಬಿಗೆ ಹೋದೆ. ಮಾರನೆಯ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊದಲು ಕೆಂಪು ದಾರದ್ದು ಬಿಚ್ಚಿದೆ. ಬೀಜ ಥಳಥಳ. ಆಮೇಲೆ ಬಿಳಿ ದಾರದ್ದು. ಅದೂ ಥಳಥಳ. ಎರಡನೆಯದು, ಮೂರನೆಯದು, ಆರೂ ಬಿಚ್ಚಿದೆ. ಒಂದರಲ್ಲೂ ಹಸಿರಿನ ಸುಳಿವಿಲ್ಲ.  ಹಾಗಾದರೆ ಬೂಷ್ಟೇ ಸತ್ತಿತ್ತೆ? ಎರಡು ವರ್ಷ ನಾನು ತಟ್ಟೆಯಲ್ಲಿ ನೋಡಿದ್ದು ಏನನ್ನು? ಆಮೇಲೆ ಗಮನಿಸಿದೆ: ಬಿಳಿ ದಾರದ ಚೀಲಗಳು ಸೊರಗಿದ್ದವು. ಬಾಯಿಗೆ ಹಾಕಿದ ಗಂಟು ನಾನು ಹಾಕುವಂಥದ್ದಲ್ಲ, ಶೆಡ್ಡಿನ ಗಂಟು.

ಅಂಗಳ ದಾಟಿ ಓಡಿದೆ. ಕೆಲಸ ಬಿಡುವ ಹೊತ್ತು, ಅತ್ತೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದರು.

"ಅತ್ತೆ, ಚೀಲ ಮುಟ್ಟಿದ್ರಾ?"

"ಮುಟ್ಟದೆ? ಬಿಳಿ ದಾರದವನ್ನ ನೋಡೋಕಾಗ್ತಿರಲಿಲ್ಲ ಕಣೇ. ನೀನು ಅಲ್ಲಿ ಜ್ವರದಲ್ಲಿ ಬಿದ್ದಿದ್ದೀಯ, ಇಲ್ಲಿ ನಿನ್ನ ಬೀಜ ಕೆಡ್ತಾ ಇದೆ. ನಾಲ್ಕು ಜನರ ಮುಂದೆ ನಿನ್ನ ಮಾನ ಹೋಗಬಾರದು ಅಂತ ದಿನಾ ಆರಿಸಿ ತೆಗೆದೆ. ಒಂದೂ ಬಿಟ್ಟಿಲ್ಲ. ಬೇಕಾದ್ರೆ ನೋಡು."

"ಅತ್ತೆ, ಅವು ಕೆಡಬೇಕಿತ್ತು!"

ಅತ್ತೆ ನಲ್ಲಿ ನಿಲ್ಲಿಸಿದರು. "ಏನಂದೆ?"

"ಬಿಳಿ ದಾರದವು ಕೆಡಬೇಕಿತ್ತು. ಕೆಡಲಿ ಅಂತಾನೇ ಇಟ್ಟಿದ್ದು."

"ಬೀಜ ಕೆಡಲಿ ಅಂತ ಯಾರಾದ್ರೂ ಇಡ್ತಾರೇನೇ? ಓದಿದೋಳು ನೀನು!"

ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಜ್ವರದ ನಿತ್ರಾಣವೂ ಇತ್ತು. ಅತ್ತೆ ಒದ್ದೆ ಕೈಯಿಂದಲೇ ನನ್ನ ತಲೆ ಹಿಡಿದು ತಮ್ಮ ಹೊಟ್ಟೆಗೆ ಒತ್ತಿಕೊಂಡರು. ಮರಳಿನ ಮಾತು ಹೇಳಿದ ನಾನು ಚೀಲ ಮುಟ್ಟಬೇಡಿ ಎಂದು ಹೇಳಿರಲಿಲ್ಲ. ಆರಿಸುವವಳ ಕೈಗೆ ಕೆಡುತ್ತಿರುವ ಬೀಜದ ಬೀಗದ ಕೈ ಕೊಟ್ಟು, ಸುಮ್ಮನಿರುತ್ತಾಳೆಂದು ನಂಬಿದ ತಪ್ಪು ಯಾರದು?

"ತೆಗೆದದ್ದನ್ನ ಏನು ಮಾಡಿದ್ರಿ?" ಗುಬ್ಬಿಯ ಬಾಯಿಗೆ ಹೋಗಿರಬಹುದೇ ಎಂಬ ಭಯದಲ್ಲೇ ಕೇಳಿದೆ.

"ಏನು ಮಾಡ್ತಾರೆ? ತೂಗದೆ ಗಂಟು ಎಸೆಯೋಕಾಗುತ್ತಾ? ಇದೆ. ನಿನ್ನ ಲ್ಯಾಬಿನ ಬಾಗಿಲ ಹಿಂದೆ ತಗಡಿನ ಡಬ್ಬದಲ್ಲಿ. ಕೆಟ್ಟದ್ದನ್ನ ಒಳ್ಳೇದರ ಪಕ್ಕ ಇಡಬಾರದಲ್ಲ."

ಡಬ್ಬದಲ್ಲಿ ಹನ್ನೆರಡು ಗಂಟುಗಳಿದ್ದವು. ಆರಕ್ಕೆ ಕೆಂಪು ದಾರ, ಆರಕ್ಕೆ ಬಿಳಿ. ಯಾವ ಚೀಲದ್ದೋ ಆ ಚೀಲದ ಗಂಟು, ಮೂವತ್ತೊಂದು ವರ್ಷದ ಕಟ್ಟಳೆ ಒಂದಿಷ್ಟೂ ತಪ್ಪಿರಲಿಲ್ಲ. ತೂಗಿದೆ. ಕೆಂಪು ದಾರದ ಆರೂ ಗಂಟು ಸೇರಿ ಅರ್ಧ ಹಿಡಿ. ಬಿಳಿ ದಾರದ್ದು ಎರಡು ಬೋಗುಣಿ ಬಂತು, ಪೂರಾ ಹಸಿರು.

"ಇದು ಸಾಕಲ್ಲ?" ಎಂದರು ಅತ್ತೆ.

"ಇದನ್ನ ನಾವೇ ಹೊರಗಿಂದ ತಂದು ಕಟ್ಟಿದ್ವಿ ಅಂತಾರೆ ಅಳಿಲಪ್ಪ. ಅಲ್ಲದೆ ನೋಡಿ, ಆರಿಸಿದ ಮೇಲೆ ಎರಡೂ ಒಂದೇ ಆಯ್ತಲ್ಲ, ಆರಿಸಿದ್ರೆ ಸಾಕು ಅಂತ ನಾನು ಹೇಳಿರಲಿಲ್ವಾ ಅಂತಾರೆ."

ಅತ್ತೆ ಒಂದು ಬಿಳಿ ಚೀಲದ ಬೀಜವನ್ನು ಅಂಗೈಗೆ ಸುರಿದುಕೊಂಡು ಹೆಬ್ಬೆರಳಲ್ಲಿ ಉರುಳಿಸಿದರು. "ಒಂದೇನಾ ಎರಡೂ? ನಿನ್ನ ಹತ್ರ ಆ ಗೆರೆ ಪಟ್ಟಿ ಇದೆಯಲ್ಲ. ಅದನ್ನ ಕೇಳು."

ನನಗಿದು ಹೊಳೆದಿರಲಿಲ್ಲ. ವಿಷ ನೋಡುವ ಕಾಗದದ ಪಟ್ಟಿಗಳು ನಾಲ್ಕೇ ಉಳಿದಿದ್ದವು. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಲ್ಯಾಬಿನಲ್ಲಿದ್ದೆವು. ಕೆಂಪು ದಾರದ ಆರೂ ಚೀಲದ ಒಳ್ಳೆಯ ಬೀಜದಿಂದ ಒಂದಿಷ್ಟು ತೆಗೆದು ರುಬ್ಬಿ, ಸ್ಪಿರಿಟ್ಟಿನಲ್ಲಿ ಕಲಕಿ ಸೋಸಿದೆ. ಬಿಳಿಯದನ್ನೂ ಹಾಗೆಯೇ. ಎರಡೆರಡು ಪಟ್ಟಿ ಅದ್ದಿಟ್ಟೆ.

"ಎರಡು ಗೆರೆ ಬಂದ್ರೆ ವಿಷ ಮಿತಿಯೊಳಗಿದೆ, ಒಂದೇ ಗೆರೆ ಬಂದ್ರೆ ಮಿತಿ ಮೀರಿದೆ."

"ಗೊತ್ತು ಬಿಡು. ಗುಬ್ಬಿ ಹೊಟ್ಟೇಲಿದ್ದಾಗಲೂ ಬಚ್ಚಲಿಂದ ಇಂಥದ್ದೇ ಪಟ್ಟಿ ಹಿಡ್ಕೊಂಡು ಎರಡು ಗೆರೆ ಎರಡು ಗೆರೆ ಅಂತ ಓಡಿ ಬಂದಿದ್ದೆ. ಆಗಲೂ ನಿನ್ನ ಗಂಡ, ಏನು ಕೆಟ್ಟಿದೆ ಅಂತ ಕೇಳಿದ್ದ."

ನಗು ಮುಗಿಯುವಷ್ಟರಲ್ಲಿ ಗೆರೆಗಳು ಮೂಡಿದವು. ಕೆಂಪಿನ ಎರಡೂ ಪಟ್ಟಿಯಲ್ಲಿ ಎರಡೆರಡು. ಬಿಳಿಯ ಎರಡರಲ್ಲೂ ಒಂದೊಂದೇ.

ನಾನು ಕುಣಿಯಬೇಕಿತ್ತು. ಮ್ಯಾನೇಜರು ಕೇಳಿದ್ದ ಪ್ರಶ್ನೆಗೇ ಉತ್ತರ ಬಂದಿತ್ತು: ಬರೀ ಆರಿಸಿದರೆ ಸಾಲದು. ಆದರೆ ಅತ್ತೆ ಪಟ್ಟಿಯನ್ನೇ ನೋಡುತ್ತಿದ್ದರು.

"ಇದು ನಾನು ಆರಿಸಿದ ಒಳ್ಳೇ ಬೀಜ. ಅಲ್ವಾ?"

"ಹೌದು ಅತ್ತೆ."

"ಒಂದೂ ಬಿಟ್ಟಿರಲಿಲ್ಲ."

"ಬಿಟ್ಟಿಲ್ಲ ಅತ್ತೆ. ಬೂಷ್ಟು ಕಣ್ಣಿಗೆ ಕಾಣೋಕೆ ಮುಂಚೇನೇ ವಿಷ ಇಳಿದಿರುತ್ತೆ. ಯಾರ ಕಣ್ಣಿಗೂ ಕಾಣಲ್ಲ."

ಅವರು ಸ್ಟೂಲಿನ ಮೇಲೆ ಕೂತರು. ಮೊದಲ ಬಾರಿಗೆ ಅವರ ಕೈಗಳು ಅಲ್ಲಾಡದೆ ಬಿದ್ದಿದ್ದನ್ನು ಕಂಡೆ. "ಹಾಡಕ್ಕನ ಮಕ್ಕಳು ಚಿಕ್ಕವು ಅಂತ ಶನಿವಾರ ಅವಳ ಗಂಟನ್ನ ನಾನು ಇನ್ನೊಂದ್ಸಲ ಆರಿಸಿ ಕೊಡ್ತಿದ್ದೆ. ಅದರಲ್ಲೇ ಚೆನ್ನಾಗಿರೋದನ್ನ ತೆಗೆದು, ಇದನ್ನ ನೀನು ಧೈರ್ಯವಾಗಿ ತಿನ್ನೇ, ನಾನು ನೋಡಿದ್ದೀನಿ ಅಂತ... ನಾನು ನೋಡಿದ್ದೀನಿ ಅಂತ ಹೇಳಿ ಕೊಡ್ತಿದ್ದೆ."

 ನೆಲದ ಮೇಲೆ ಕೂತು ಆ ಎರಡು ಕೈಗಳನ್ನು ಹಿಡಿದುಕೊಂಡೆ. ಗೊತ್ತಿದ್ದವರು ಹೇಳಲಿಲ್ಲ, ಗೊತ್ತಿಲ್ಲದವರು ಪ್ರೀತಿಯಿಂದ ಬಡಿಸಿದರು. ಪಾಪದ ಲೆಕ್ಕ ಕೇಳುವುದಾದರೆ ಈ ಕೈಗಳನ್ನು ಕೇಳಬೇಡಿ.

ಅತ್ತೆ ಮೂಗೊರೆಸಿಕೊಂಡು ಎದ್ದರು. "ಸಭೇಲಿ ನೀನು ಏನು ಹೇಳ್ತೀಯ?"

"ಆದದ್ದನ್ನೆಲ್ಲ ಹೇಳಲೇಬೇಕು. ನಿಮ್ಮ ಹೆಸರು ಬರುತ್ತೆ. ಅಳಿಲಪ್ಪ ನಿಮ್ಮನ್ನ ಬೈಬಹುದು, ಕೆಲಸಕ್ಕೂ..."

"ನನ್ನ ತಪ್ಪನ್ನ ನೀನ್ಯಾಕೆ ಹೇಳ್ತೀಯ? ನಾನೇ ಬಂದು ಹೇಳ್ತೀನಿ. ಡಬ್ಬ ಎತ್ಕೋ."

ಸಭೆಯ ಕೋಣೆಯಲ್ಲಿ ಅಧ್ಯಕ್ಷೆ, ಮ್ಯಾನೇಜರು, ಇನ್ನು ಮೂವರು ಬೆಳೆಗಾರರು. ಮೇಜಿನ ಮೇಲೆ ಎರಡು ತಟ್ಟೆ ಇಟ್ಟೆ. ಒಂದರಲ್ಲಿ ಕೆಂಪು ದಾರದ ಬೀಜ, ಇನ್ನೊಂದರಲ್ಲಿ ಬಿಳಿಯದು. ಪಕ್ಕದಲ್ಲಿ ಗಂಟುಗಳು, ಪಟ್ಟಿಗಳು.

"ಎರಡೂ ಒಂದೇ ಥರ ಇದೆಯಲ್ಲ" ಎಂದರು ಮ್ಯಾನೇಜರು, ಖುಷಿಯಾಗಿಯೇ.

ಅತ್ತೆ ಬಾಗಿಲಿನಿಂದ ಒಳಗೆ ಬಂದರು. "ನಾನು ಆರಿಸಿದೆ ಸಾರ್. ಆರಿಸಬಾರದಿತ್ತಂತೆ, ಗೊತ್ತಿರಲಿಲ್ಲ. ತೆಗೆದದ್ದೆಲ್ಲ ಇಲ್ಲಿದೆ."

ಮ್ಯಾನೇಜರು ನಕ್ಕರು. "ಸರಿಹೋಯ್ತು! ಸೊಸೆ ಪರೀಕ್ಷೆ ಮಾಡೋದು, ಅತ್ತೆ ಕಾಪಿ ಹೊಡೆಸೋದು. ಮೇಡಂ, ಈ ಗಂಟುಗಳೆಲ್ಲ ಲೆಕ್ಕಕ್ಕಿಲ್ಲ."

"ಯಾಕೆ ಇಲ್ಲ ಸಾರ್?" ಅತ್ತೆಯ ದನಿ ಏರಲಿಲ್ಲ. "ಮೂವತ್ತೊಂದು ವರ್ಷದಿಂದ ನಾನು ಕಟ್ಟಿದ ಗಂಟನ್ನ ತೂಗಿಯೇ ನೀವು ಮೂಟೆಗೆ ಸೀಲು ಹಾಕಿದ್ದು. ಆಗ ಲೆಕ್ಕಕ್ಕಿತ್ತು. ಅದೇ ಕೈ, ಅದೇ ದಾರ. ಇವತ್ತು ಯಾಕೆ ಸುಳ್ಳಾಯ್ತು?"

ಬೆಳೆಗಾರರಲ್ಲೊಬ್ಬರು ಕೆಮ್ಮಿದರು. ಅಧ್ಯಕ್ಷೆ ನನ್ನತ್ತ ನೋಡಿದರು. "ಇದು ಸರಿಯಾದ ಪರೀಕ್ಷೆನಾ?"

"ಪೂರ್ತಿ ಅಲ್ಲ ಮೇಡಂ. ಇನ್ನೊಂದು ಸಲ ಮಾಡಲೇಬೇಕು, ಬೀಗ ಹಾಕಿ. ಆದರೆ ಆರಿಸಿದ್ರೆ ಸಾಕು ಅಂತ ಮ್ಯಾನೇಜರು ಅಂದಿದ್ರಲ್ಲ, ಅದಕ್ಕೆ ಉತ್ತರ ಈ ಪಟ್ಟಿಗಳಲ್ಲಿದೆ: ಆರಿಸಿದ ಬಿಳಿ ದಾರದ ಬೀಜಕ್ಕೂ ಒಂದೇ ಗೆರೆ, ಅಂದ್ರೆ ವಿಷ ಮಿತಿ ಮೀರಿದೆ. ನಮ್ಮಲ್ಲಿ ಇವರಿಗಿಂತ ಚೆನ್ನಾಗಿ ಆರಿಸೋರು ಯಾರಿದ್ದಾರೆ?"

"ಯಾರೂ ಇಲ್ಲ, ಒಪ್ಪಿದೆ. ಅದೇ ನಾನೂ ಹೇಳ್ತಿರೋದು" ಎನ್ನುತ್ತ ಮ್ಯಾನೇಜರು ಎಂದಿನಂತೆ, ನೋಡದೆಯೇ, ಬಿಳಿ ದಾರದ ತಟ್ಟೆಗೆ ಕೈಹಾಕಿ ಒಂದು ಬೀಜ ಎತ್ತಿದರು.

ಅತ್ತೆ ತಟ್ಟನೆ ಅವರ ಮಣಿಕಟ್ಟು ಹಿಡಿದರು. ಅಷ್ಟು ವರ್ಷದಲ್ಲಿ ಶೆಡ್ಡಿನ ಯಾವ ಹೆಂಗಸೂ ಅವರನ್ನು ಮುಟ್ಟಿರಲಿಲ್ಲ.

"ಬೇಡಪ್ಪ" ಎಂದರು, ಗುಬ್ಬಿ ಒಲೆಯ ಹತ್ತಿರ ಹೋದಾಗ ಹೇಳುವಂತೆ. "ಅದು ಒಂದೇ ಗೆರೆ ಬಂದದ್ದು. ನಾನೇ ಆರಿಸಿದ್ದೀನಿ, ನೋಡೋಕೆ ಚೆನ್ನಾಗಿದೆ, ಆದ್ರೂ ಬೇಡ. ಬಾಯಿಗೆ ಹಾಕಬೇಡಿ."

ಮ್ಯಾನೇಜರ ಬೆರಳು ತಾನಾಗಿ ಬಿಚ್ಚಿತು. ಬೀಜ ಮೇಜಿನ ಮೇಲೆ ಉರುಳಿ ಅಧ್ಯಕ್ಷೆಯ ಮುಂದೆ ನಿಂತಿತು. ಅವರು ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿದರು, ಆಮೇಲೆ ಪಟ್ಟಿಗಳನ್ನು, ಆಮೇಲೆ ಹಸಿರು ಗಂಟುಗಳನ್ನು.

"ಈ ಗಂಟು ಶನಿವಾರ ಎಲ್ಲಿಗೆ ಹೋಗುತ್ತೆ?"

ಮ್ಯಾನೇಜರು ತಮ್ಮ ಬೆರಳನ್ನು ಕರವಸ್ತ್ರಕ್ಕೆ ಒರೆಸುತ್ತಿದ್ದರು. ಉತ್ತರ ಕೊಟ್ಟದ್ದು ಅತ್ತೆ. "ನಮ್ಮನೆಗಳಿಗೆ ಮೇಡಂ. ಸೌಲಭ್ಯ."

 ಅಧ್ಯಕ್ಷೆ ಪೆನ್ನು ತೆಗೆದರು. ಮೊದಲನೇ ಗೋದಾಮಿನ ಬೀಜಕ್ಕೆಲ್ಲ ಕಷಾಯ; ಎರಡನೆಯದಕ್ಕೆ ಇಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು; ಲ್ಯಾಬಿಗೆ ಹೊಸ ಪಟ್ಟಿಗಳು; ಈ ಶನಿವಾರದಿಂದ ಗಂಟುಗಳನ್ನು ಸುಟ್ಟು ಹಾಕುವುದು.

"ಮೇಡಂ" ಎಂದರು ಅತ್ತೆ, "ಗಂಟು ಸುಡಿ, ಒಳ್ಳೇದು. ಆದ್ರೆ ಪಾಲು ಸುಡಬೇಡಿ. ಇನ್ನು ಮೇಲೆ ಎರಡು ಗೆರೆ ಬಂದ ಮೂಟೆಯಿಂದ ಕೊಡಿ."

ಅಧ್ಯಕ್ಷೆ ತಲೆಯೆತ್ತಿ ಒಂದು ಕ್ಷಣ ನೋಡಿದರು. ಆಮೇಲೆ ಅದನ್ನೂ ಬರೆದರು.

ಎರಡನೆಯ ಪರೀಕ್ಷೆಗೆ ಇಂದು ಏಳನೆಯ ದಿನ. ಬೀರುವಿಗೆ ಬೀಗ, ಬೀಗದ ಕೈ ನನ್ನ ಕೊರಳಲ್ಲಿ. ಊಟದ ಹೊತ್ತಿಗೆ ಅತ್ತೆ ಡಬ್ಬಿ ಹಿಡಿದು ಬಂದರು. ತಿನ್ನುವಾಗ ಮೂರು ಸಲ ಗಾಜಿನ ಬಾಗಿಲಿನತ್ತ ನೋಡಿದರು.

"ಬಿಳಿ ದಾರದ ಮೂರನೇ ಚೀಲ ಹಸಿರಾಗ್ತಿದೆ ಕಣೇ. ಬಟ್ಟೆ ಮೇಲೇ ಕಾಣ್ತಿದೆ."

"ಆಗಲಿ ಬಿಡಿ ಅತ್ತೆ."

"ಆಗಲಿ ಅಂದ್ರೆ ಹೇಗೆ ಬಿಡೋದು..." ಕೈಗಳನ್ನು ಮಡಿಲಲ್ಲಿ ಒಂದಕ್ಕೊಂದು ಹೆಣೆದುಕೊಂಡರು. ಬೆರಳು ನಿಲ್ಲಲಿಲ್ಲ. "ಒಂದೇ ಒಂದು ತೆಗೀಲಾ? ಮೂಲೇದು?"

"ಅತ್ತೇ!"

"ಆಯ್ತು ಮಾರಾಯ್ತಿ, ಕೇಳಿದೆ ಅಷ್ಟೆ."

ಬೇಲಿಯಿಂದ ಕಿತ್ತು ತಂದ ಆಡುಸೋಗೆಯ ದೊಡ್ಡ ರಾಶಿ ಮೂಲೆಯಲ್ಲಿತ್ತು, ಗೋದಾಮಿನ ಕಷಾಯಕ್ಕೆ. ಅದನ್ನು ತಂದು ಅವರ ಮುಂದೆ ಸುರಿದೆ. ಅತ್ತೆ ಸ್ಟೂಲನ್ನು ಬೀರುವಿಗೆ ಬೆನ್ನಾಗುವಂತೆ ತಿರುಗಿಸಿಕೊಂಡು ಕೂತರು. ಹುಳ ಕಡಿದ ಎಲೆ ಒಂದು ಕಡೆ, ಹಸನಾದದ್ದು ಇನ್ನೊಂದು ಕಡೆ ಬೀಳತೊಡಗಿತು.